ದೋಣಿಕಟ್ಟೆಯಲ್ಲಿ ತೊಳೆದ ಮೀನು

ಏಪ್ರಿಲ್ ಕೊನೆಯ ಶನಿವಾರ ರೂಬೆನ್ ಸುಪೀರಿಯರ್ ಸರೋವರಕ್ಕೆ ಹೋಗಿ ಎರಡು ಟಬ್ಬು ತುಂಬ ಸ್ಮೆಲ್ಟ್ ಮೀನು ತಂದ. ಬೆರಳುದ್ದದ ಬೆಳ್ಳಿಬಣ್ಣದ ಮೀನು. ಪಿಕಪ್ಪಿನ ಹಿಂಬಾಗಿಲು ತೆಗೆದ ಕೂಡಲೇ ಅಂಗಳವೆಲ್ಲ ಹೆಚ್ಚಿದ ಸೌತೆಕಾಯಿಯ ವಾಸನೆ. ಅವನ ತಾಯಿ ಐಲಿ ಆಗಲೇ ರಬ್ಬರ್ ಬೂಟು ಹಾಕಿಕೊಂಡು, ಕೈಯಲ್ಲಿ ಕತ್ತರಿ ಹಿಡಿದು ಮೆಟ್ಟಿಲ ಮೇಲೆ ಕಾಯುತ್ತಿದ್ದಳು. ವರ್ಷಕ್ಕೊಮ್ಮೆ ಬರುವ ಈ ಮೀನನ್ನು ಎಂಬತ್ತು ದಾಟಿದ ಮೇಲೂ ಅವಳು ಬೇರೆ ಯಾರ ಕೈಗೂ ಕೊಟ್ಟವಳಲ್ಲ.

"ಕಟ್ಟೆಗೆ ಇಳಿಸೋ. ಇಲ್ಲಿ ಇಟ್ಕೊಂಡು ಪೂಜೆ ಮಾಡ್ತೀಯಾ?"

ರೂಬೆನ್ ಟಬ್ಬುಗಳನ್ನು ಮನೆಯೆದುರಿನ ಟ್ಯಾಮರಾಕ್ ಕೆರೆಯ ದೋಣಿಕಟ್ಟೆಗೆ ಹೊತ್ತೊಯ್ದ. ಐಲಿ ಮಣೆಯ ಮೇಲೆ ಕೂತು ಕೆಲಸ ಶುರುಮಾಡಿದಳು. ಕತ್ತರಿಯಿಂದ ತಲೆ ತೆಗೆಯುವುದು, ಹೆಬ್ಬೆರಳಿನಿಂದ ಹೊಟ್ಟೆ ಸವರುವುದು, ನೀರು ತುಂಬಿದ ಟಬ್ಬಿನಲ್ಲಿ ಜಾಲಾಡಿ ಬಾಣಲೆಗೆ ಹಾಕುವುದು. ಮೊಟ್ಟೆಯಿಡುವ ಕಾಲದ ಮೀನು. ಹೆಣ್ಣಿನ ಹೊಟ್ಟೆಯಿಂದ ಸಣ್ಣ ರವೆಯಂತಹ ಮೊಟ್ಟೆ, ಗಂಡಿನಿಂದ ಹಾಲಿನಂತಹ ದ್ರವ. ಎರಡೂ ಅದೇ ಟಬ್ಬಿನಲ್ಲಿ ಬೆರೆಯುತ್ತಿದ್ದವು.

ರೂಬೆನ್‌ನ ಮಗಳು ಸಿಗ್ನೆ ಕಟ್ಟೆಗೆ ಬಂದಾಗ ಅಜ್ಜಿ ಟಬ್ಬನ್ನು ಅಂಚಿಗೆ ಎಳೆದು ಓರೆ ಮಾಡುತ್ತಿದ್ದಳು.

"ಅಜ್ಜಿ, ನಿಲ್ಸಿ!"

"ಏನಾಯ್ತೇ? ಬಿದ್ದೇನಾ?"

"ಆ ನೀರು ಕೆರೆಗೆ ಚೆಲ್ಬೇಡಿ."

"ಮತ್ತೆ ಎಲ್ಲಿಗೆ ಚೆಲ್ಲಲಿ, ನಿಮ್ಮಮ್ಮನ ಕಾಫಿಗಾ? ನಾನು ಈ ಮನೆಗೆ ಬಂದಾಗಿನಿಂದ ಇಲ್ಲೇ ಚೆಲ್ತಿರೋದು. ನೀನು ಚಿಕ್ಕೋಳಿದ್ದಾಗ ನಾ ಚೆಲ್ತೀನಿ ನಾ ಚೆಲ್ತೀನಿ ಅಂತ ಅಳ್ತಿದ್ದೆ. ಟಬ್ಬು ನಿನಗೇ ಬೇಕಿತ್ತು."

ಸಿಗ್ನೆ ಟಬ್ಬಿನ ಹಿಡಿಯನ್ನು ಹಿಡಿದುಕೊಂಡೇ ನಿಂತಳು. ಅಜ್ಜಿ ಹೇಳಿದ್ದು ನಿಜ. ರವೆಯಂತಹ ಮೊಟ್ಟೆಗಳು ನೀರಿನಲ್ಲಿ ಸುತ್ತುತ್ತ ಕಲ್ಲುಗಳ ನಡುವೆ ಇಳಿಯುವುದನ್ನು ನೋಡಲು ಅವಳು ಕಟ್ಟೆಯ ಮೇಲೆ ಬೋರಲು ಮಲಗುತ್ತಿದ್ದಳು.

ಈಗ ಅವಳು ರಾಜ್ಯದ ವಿಶ್ವವಿದ್ಯಾಲಯದಲ್ಲಿ ಮೀನುಗಳ ಬಗ್ಗೆ ಸ್ನಾತಕೋತ್ತರ ಸಂಶೋಧನೆ ಮಾಡುತ್ತಿದ್ದಳು. ಪ್ರೊಫೆಸರ್ ಹಾಲ್ವರ್ಸನ್ ಅವರ ಬಳಿ ಎರಡು ಸ್ಥಾನಗಳಿದ್ದವು. ಒಂದು ದಕ್ಷಿಣದ ಜಲಾಶಯಗಳ ಬ್ಯಾಸ್ ಮೀನಿನ ಮೇಲೆ, ಇನ್ನೊಂದು ಟ್ಯಾಮರಾಕ್ ಕೆರೆಯ ವಾಲೈ ಮೀನಿನ ಮೇಲೆ. ಊರಿನ ಕೆರೆ ಎಂದು ಸಿಗ್ನೆ ಎರಡನೆಯದನ್ನು ಕೇಳಿ ಪಡೆದಿದ್ದಳು. ಗಾಳ ಹಾಕುವವರು ನೂರಾರು ಮೈಲಿಯಿಂದ ಬರುವುದು ವಾಲೈಗಾಗಿ. ಅಪ್ಪನ ಆರು ಬಾಡಿಗೆ ಕುಟೀರಗಳು ನಡೆಯುವುದೂ ಅದರಿಂದಲೇ. ಕೆಲವು ವರ್ಷಗಳಿಂದ ಕೆರೆಯಲ್ಲಿ ದೊಡ್ಡ ವಾಲೈ ಇದ್ದರೂ ಮರಿಗಳೇ ಇರಲಿಲ್ಲ. ಯಾಕೆಂದು ಕಂಡುಹಿಡಿಯುವುದು ಅವಳ ಕೆಲಸ.

ಆ ಪ್ರಶ್ನೆಗೆ ಉತ್ತರ ಕಳೆದ ಚಳಿಗಾಲದಲ್ಲಿ ಸಿಕ್ಕಿತ್ತು. ಹಿಂದಿನ ಬೇಸಿಗೆಯಲ್ಲಿ ಇದೇ ಕೆರೆಯ ಬಲೆಗೆ ಬಿದ್ದ ಸ್ಮೆಲ್ಟ್‌ಗಳ ಹೊಟ್ಟೆಯನ್ನು ಸೂಕ್ಷ್ಮದರ್ಶಕದಡಿ ಬಿಡಿಸಿದಾಗ, ದಾರದ ತುಂಡಿಗೆ ಎರಡು ಕಣ್ಣು ಬರೆದಂತಹ ವಾಲೈ ಮರಿಗಳು ಸಿಕ್ಕವು. ದೊಡ್ಡ ಸರೋವರದ ಮೀನು ಇಷ್ಟು ದೂರದ ಕೆರೆಗೆ ಬಂದದ್ದು ಹೇಗೆ? ಗಾಳದ ಎರೆಗೆಂದು ಯಾರೋ ಪರಸ್ಥಳದವರು ತಂದು ಉಳಿದದ್ದನ್ನು ಸುರಿದು ಹೋಗಿರಬೇಕು ಎಂದು ಅಪ್ಪನಂತೆ ಅವಳೂ ಅಂದುಕೊಂಡಿದ್ದಳು, ಈಗ ಈ ಟಬ್ಬು ಓರೆಯಾಗುವುದನ್ನು ನೋಡುವ ತನಕ.

"ಇವತ್ತು ನಾನೇ ತೊಳೀತೀನಿ, ಮೇಲೆ ಶೆಡ್ಡಿನ ಹತ್ರ," ಅಂದಳು. "ಇಲ್ಲಿ ಗಾಳಿ ಜಾಸ್ತಿ ಇದೆ."

"ಶೆಡ್ಡು ನಾರುತ್ತೆ!"

"ನಾರಲಿ."

ಐಲಿ ಮಗನ ಕಡೆ ತಿರುಗಿದಳು. "ನೋಡಪ್ಪ, ಆರು ವರ್ಷ ಓದಿಸಿದ್ದಕ್ಕೆ ಹೊಲಸು ಎಲ್ಲಿ ಚೆಲ್ಬೇಕು ಅಂತ ಕಲಿತು ಬಂದಿದಾಳೆ."

ರೂಬೆನ್ ನಕ್ಕ. ಸಿಗ್ನೆ ಟಬ್ಬನ್ನು ಎದೆಗೆ ಒತ್ತಿಕೊಂಡು ಏರು ಹತ್ತಿದಳು. ಅಂಗಿ ಪೂರ್ತಿ ಒದ್ದೆಯಾಯಿತು.

ಊಟಕ್ಕೆ ಹಿಟ್ಟು ಸವರಿ ಮುಳ್ಳುಸಮೇತ ಗರಿಗರಿಯಾಗಿ ಕರಿದ ಸ್ಮೆಲ್ಟ್, ಬೇಯಿಸಿದ ಆಲೂಗಡ್ಡೆ, ರೈ ಬ್ರೆಡ್ಡು. ಐಲಿ ಎಲ್ಲರ ತಟ್ಟೆಗೂ ತಾನೇ ಬಡಿಸಿದಳು. ಸಿಗ್ನೆ ಆಲೂಗಡ್ಡೆಯನ್ನು ಚಮಚದಿಂದ ಪುಡಿಮಾಡುತ್ತ ಕೂತಳು. ತಾಯಿ ಲೊರೇನ್ ಅದನ್ನು ಕಂಡಳು.

ರೂಬೆನ್‌ಗೆ ಬೇರೆ ಯೋಚನೆ. "ಪಶ್ಚಿಮದ ದಡದಲ್ಲಿ ನಿನ್ನೆಯಿಂದ ಈಟೀಲಿ ವಾಲೈ ಹೊಡೆಯೋದು ಶುರುವಾಗಿದೆ. ರಾತ್ರಿ ತಲೆಗೆ ದೀಪ ಕಟ್ಕೊಂಡು ಓಜಿಬ್ವೆಗಳು ಮೂರು ದೋಣೀಲಿ ಬಂದಿದ್ರಂತೆ. ಮೊಟ್ಟೆ ಇಡೋಕೆ ಬಂದ ಮೀನನ್ನ ಚುಚ್ಚಿದ್ರೆ ಮರಿ ಎಲ್ಲಿಂದ ಬರುತ್ತೆ?"

"ಹಳೇ ಒಪ್ಪಂದದ ಪ್ರಕಾರ ಅವರಿಗೆ ಹಕ್ಕಿದೆ ಅಂತ ಕೋರ್ಟು ಅಂದಿದೆಯಲ್ಲ," ಅಂದಳು ಲೊರೇನ್.

"ಕೋರ್ಟು ನಮ್ಮ ಕುಟೀರ ಬಾಡಿಗೆಗೆ ತಗೊಳ್ಳುತ್ತಾ? ಬರೋ ಶನಿವಾರ ಕೆರೆ ಸಂಘದ ಸಭೆ ಇದೆ. ಈ ಸಲ ಅವರ ಟ್ರಕ್ಕು ನಮ್ಮ ಗೇಟಿಂದ ಕೆರೆಗೆ ಇಳಿಯೋದು ಬೇಡ ಅಂತ ಎಲ್ಲರೂ ಹೇಳ್ತಿದಾರೆ. ಬೀಗ ಹಾಕ್ತೀವಿ."

ಸಿಗ್ನೆ ಚಮಚ ಕೆಳಗಿಟ್ಟಳು. ಓಜಿಬ್ವೆ ಮೂಲನಿವಾಸಿಗಳ ಊರಾದ ರಿಸರ್ವೇಶನ್ನಿನ ಮೀನುಮರಿ ಕೇಂದ್ರ ಪ್ರತಿ ಮೇ ತಿಂಗಳಲ್ಲಿ ಈ ಕೆರೆಗೆ ವಾಲೈ ಮರಿ ಬಿಡುತ್ತಿತ್ತು, ಟ್ರಕ್ಕಿನಲ್ಲಿ ತರುತ್ತಿದ್ದವನು ಎಮರಿ. ಟ್ರಕ್ಕು ನೀರಿನವರೆಗೆ ಇಳಿಯುವಂತಹ ಕಾಂಕ್ರೀಟ್ ಇಳಿಜಾರು ಇದ್ದದ್ದು ಈ ಮನೆಯ ಜಾಗದಲ್ಲಿ ಮಾತ್ರ.

"ಅಪ್ಪಾ, ನನ್ನ ಕೆಲಸಾನೇ ಆ ಮರಿಗಳ ಮೇಲೆ. ಮರಿ ಬಿಟ್ರೆ ಎಷ್ಟು ಉಳಿಯುತ್ತೆ ಅಂತ ನೋಡ್ಬೇಕು. ಎಮರಿ ಮರಿ ತರದಿದ್ರೆ ನಾನೇನು ನೋಡ್ಲಿ?"

"ಬೇರೆ ಎಲ್ಲಿಂದಾದ್ರೂ ತರ್ಸು."

"ಮೀನು ತಿನ್ನೇ," ಅಂದಳು ಐಲಿ. "ತಣ್ಣಗಾದ್ರೆ ಚಪ್ಪಲಿ ಅಗಿದ ಹಾಗಿರುತ್ತೆ."

ಸೋಮವಾರ ಬೆಳಿಗ್ಗೆ ತಂದೆ ಮಗಳು ದೋಣಿಯಲ್ಲಿ ಹೋಗಿ ವಾಲೈ ಮರಿ ಬಿಡುವ ಮೊದಲು ಕೆರೆಯ ಸ್ಮೆಲ್ಟ್ ಹಿಡಿದು ತೆಗೆಯಲೆಂದು ತೊರೆಯ ಬಾಯಿಯಲ್ಲಿ ಹಾಕಿದ್ದ ಬಲೆಯನ್ನು ಎತ್ತಿದರು. ನಾಲ್ಕು ಬಕೆಟ್ ಸ್ಮೆಲ್ಟ್. ಕುಟೀರಗಳ ಹಿಂದೆ ಗುಂಡಿ ತೋಡಿ ಹೂಳಬೇಕಿತ್ತು. ರೂಬೆನ್ ಸನಿಕೆ ಹಿಡಿದು, "ಯಾವ ಬೇವರ್ಸಿ ತಂದು ಬಿಟ್ಟನೋ," ಅಂದ.

ಸಿಗ್ನೆ ಆಗ ಹೇಳಿಬಿಟ್ಟಳು. ಟಬ್ಬಿನ ನೀರಿನಲ್ಲಿ ಏನಿರುತ್ತದೆ, ಬೆರೆತ ಮೊಟ್ಟೆಗೆ ಜೀವ ಬರಲು ಎಷ್ಟು ಸಾಕು, ಕಟ್ಟೆಯ ಕೆಳಗಿನ ಕಲ್ಲಿಗೆ ಅದು ಹೇಗೆ ಅಂಟಿಕೊಳ್ಳುತ್ತದೆ. ಪಾಠ ಒಪ್ಪಿಸುವವಳಂತೆ ಒಂದೇ ಉಸಿರಿನಲ್ಲಿ ಹೇಳಿದಳು.

ರೂಬೆನ್ ಸನಿಕೆಯನ್ನು ನೆಲಕ್ಕೆ ಊರಿ ಅದರ ಮೇಲೆ ಎರಡೂ ಕೈ ಇಟ್ಟುಕೊಂಡ. "ಸತ್ತ ಮೀನಿನ ಮೊಟ್ಟೆಯಿಂದ ಮರಿ ಹುಟ್ಟುತ್ತಾ?"

"ಹಿಡಿದ ದಿನವೇ ತೊಳೆದ್ರೆ, ಚಳಿಯೂ ಇದ್ರೆ, ಕೆಲವು ಹುಟ್ಟುತ್ತೆ."

"ನಮ್ಮಿಂದಲೇ ಅಂತ ಗೊತ್ತಾ?"

"ಸಾಬೀತು ಮಾಡೋಕೆ ಆಗಲ್ಲ."

"ಮತ್ತೆ?"

"ಆದ್ರೆ ಈ ಕೆರೇಲಿ ಸ್ಮೆಲ್ಟ್ ತಂದು ತೊಳೆಯೋ ಮನೆ ನಮ್ಮದೊಂದೇ ಅಪ್ಪಾ. ಬೇರೆಯವರೆಲ್ಲ ನಮ್ಮಲ್ಲಿಗೇ ಬಂದು ತಿನ್ನೋರು."

ರೂಬೆನ್ ಗುಂಡಿಗೆ ಮಣ್ಣು ಎಳೆಯತೊಡಗಿದ. ಗುಂಡಿ ಅರ್ಧ ತುಂಬಿದ ಮೇಲೆ, "ಅಜ್ಜಿಗೆ ಹೇಳ್ಬೇಡ," ಅಂದ. "ಅವಳು ವರ್ಷವೆಲ್ಲ ಕಾಯೋದು ಅದೊಂದು ಊಟಕ್ಕೆ."

"ಗೇಟಿನ ವಿಷಯ?"

"ಗೇಟಿಗೂ ಇದಕ್ಕೂ ಏನು ಸಂಬಂಧ?"

"ಅವರು ತಂದು ಬಿಡೋ ಮರೀನ ನಮ್ಮ ಮೀನು ತಿಂತಿದೆ."

"ನಮ್ಮ ಮೀನು ಅನ್ಬೇಡ!" ರೂಬೆನ್ ಕಿರುಚಿದ. ಆಮೇಲೆ ಸುತ್ತ ನೋಡಿ ದನಿ ತಗ್ಗಿಸಿದ. "ಯಾರೆದುರಿಗೂ ಹಾಗನ್ಬೇಡ."

ಆ ವಾರವೆಲ್ಲ ಕುಟೀರಗಳನ್ನು ತೊಳೆಯುವ ಕೆಲಸ. ಮೀನುಗಾರಿಕೆಯ ಋತು ಶುರುವಾಗುವುದಕ್ಕೆ ಮೊದಲು ಹಾಸಿಗೆ ಒಣಗಬೇಕು, ಒಲೆಯ ಕೊಳವೆ ಕೆರೆಯಬೇಕು, ಇಲಿ ಕಡಿದ ಪರದೆ ಬದಲಾಯಿಸಬೇಕು. ಸಿಗ್ನೆ ತಾಯಿಯ ಜೊತೆ ಹೊದಿಕೆಗಳನ್ನು ಹಿಂಡುತ್ತಿದ್ದಾಗ ಪ್ರೊಫೆಸರ್ ಫೋನ್ ಮಾಡಿದರು. ಗೇಟಿನ ಸುದ್ದಿ ಅವರಿಗೂ ಮುಟ್ಟಿತ್ತು. ಮರಿ ಬಿಡುವುದು ನಿಂತರೆ ಈ ಅಧ್ಯಯನವೂ ನಿಂತಂತೆ ಎಂದರು. ಬ್ಯಾಸ್ ಮೀನಿನ ಸ್ಥಾನ ಇನ್ನೂ ಖಾಲಿ ಇತ್ತು, ಮೇ ಹದಿನೈದರೊಳಗೆ ಹೇಳಬೇಕಿತ್ತು. ಸ್ಮೆಲ್ಟ್ ಎಲ್ಲಿಂದ ಬಂತು ಎಂಬುದನ್ನು ಬರೆಯಬೇಕೇ ಎಂದು ಸಿಗ್ನೆ ಕೇಳಿದಳು. ಅದು ನಿನ್ನ ಪ್ರಶ್ನೆಯೇ ಅಲ್ಲ, ಯಾರೋ ತಂದು ಬಿಟ್ಟದ್ದು ಎಂದು ಒಂದು ಸಾಲು ಬರೆದರೆ ಸಾಕು ಎಂದರು ಅವರು.

"ಬ್ಯಾಸ್ ತಗೊಂಡುಬಿಡು," ಅಂದಳು ಲೊರೇನ್, ಹೊದಿಕೆಯ ಇನ್ನೊಂದು ತುದಿ ಹಿಡಿದು. ಟಬ್ಬಿನ ವಿಷಯವನ್ನು ರೂಬೆನ್ ಅವಳಿಗೆ ಹೇಳಿದ್ದ. "ದಕ್ಷಿಣದಲ್ಲಿ ಚಳಿಯೂ ಕಮ್ಮಿ."

"ಓಡಿಹೋದ ಹಾಗಾಗುತ್ತಮ್ಮ."

"ಓಡಿಹೋಗೋಕೆ ನೀನೇನು ಬ್ಯಾಂಕ್ ದೋಚಿದೀಯಾ? ಆರು ವರ್ಷದ ಮಗು ಟಬ್ಬು ಚೆಲ್ಲಿದೆ. ಯಾರಿಗೆ ಗೊತ್ತಿತ್ತು?"

"ಈಗ ಗೊತ್ತಲ್ಲ."

"ಗೊತ್ತಾಗಿದ್ದನ್ನೆಲ್ಲ ಡಂಗುರ ಹೊಡೀಬೇಕು ಅಂತಿದ್ರೆ ಈ ಊರಲ್ಲಿ ಒಂದು ಮದುವೇನೂ ಉಳೀತಿರ್ಲಿಲ್ಲ. ಹಿಂಡು, ಗಟ್ಟಿಯಾಗಿ."

ಶನಿವಾರ ಸಭೆ. ಎಂದಿನಂತೆ ಎಲ್ಲರೂ ಮನೆಯಿಂದ ಒಂದೊಂದು ಅಡುಗೆ ತಂದು ಊರಿನ ಹಾಲ್‌ನ ಉದ್ದದ ಮೇಜಿನ ಮೇಲೆ ಇಟ್ಟರು. ಮೀನುಮರಿ ಕೇಂದ್ರದ ಮುಖ್ಯಸ್ಥ ಎಮರಿ ಕೂಡ ಬಂದಿದ್ದ. ಕಾಡಕ್ಕಿ ಮತ್ತು ಅಣಬೆ ಹಾಕಿ ಬೇಯಿಸಿದ ಒಂದು ಪಾತ್ರೆ ತಂದು ಸಾಲಿನ ಕೊನೆಯಲ್ಲಿಟ್ಟು ಹಿಂದಿನ ಕುರ್ಚಿಯಲ್ಲಿ ಕೂತ. ಅವನೂ ಸಿಗ್ನೆ ಓದುವ ವಿಶ್ವವಿದ್ಯಾಲಯದಲ್ಲೇ ಓದಿದವನು. ಅವಳ ಅಧ್ಯಯನಕ್ಕೆ ಮರಿ ಕೊಡುತ್ತೇನೆ ಎಂದು ಮೊದಲು ಒಪ್ಪಿದವನೂ ಅವನೇ.

ಸಂಘದ ಅಧ್ಯಕ್ಷನಾದ ರೂಬೆನ್ ಎದ್ದು ನಿಂತು ನಾಲ್ಕು ಮಾತಾಡಿದ. ಈಟಿಯ ಬಗ್ಗೆ ಒಂದಕ್ಷರವೂ ಹೇಳಲಿಲ್ಲ. ಹೆಂಡದಂಗಡಿಯ ಗೋರ್ಡಿಗೆ ಅದು ಸಾಲಲಿಲ್ಲ.

"ಏನು ರೂಬೆನ್, ಇವತ್ತು ಸಪ್ಪೆ? ನಿನ್ನ ಮಗಳಾದ್ರೂ ಹೇಳ್ಲಿ. ಓದಿದವಳು. ಏನಮ್ಮ ಸಿಗ್ನೆ, ವಾಲೈ ಮರಿ ಎಲ್ಲಿ ಹೋಯ್ತು?"

ಸಿಗ್ನೆ ಎದ್ದಳು. "ಈಟಿಯಿಂದ ಮರಿ ಕಮ್ಮಿಯಾಗಿಲ್ಲ. ಮೊಟ್ಟೆ ಬೇಕಾದಷ್ಟು ಬೀಳ್ತಿದೆ, ಮರೀನೂ ಹುಟ್ತಿದೆ. ಹುಟ್ಟಿದ ಮರೀನ ಸ್ಮೆಲ್ಟ್ ತಿಂತಿದೆ."

"ಆ ಸ್ಮೆಲ್ಟ್ ಎಲ್ಲಿಂದ ಬಂತು?"

ಅವಳು ತಂದೆಯ ಕಡೆ ನೋಡಿದಳು. ರೂಬೆನ್ ತನ್ನ ಬೂಟಿನ ಲೇಸನ್ನು ನೋಡುತ್ತಿದ್ದ.

"ಅದು... ಖಚಿತವಾಗಿ ಗೊತ್ತಾಗಿಲ್ಲ."

"ನನಗೆ ಗೊತ್ತು ಬಿಡು!" ಗೋರ್ಡಿ ಹೆಬ್ಬೆರಳನ್ನು ಹಿಂದಿನ ಸಾಲಿನ ಕಡೆ ತೋರಿಸಿದ. "ವರ್ಷಾ ವರ್ಷಾ ಟ್ರಕ್ಕಲ್ಲಿ ತಂದು ಸುರಿಯೋದು ಯಾರು? ಆ ಟ್ಯಾಂಕಲ್ಲಿ ಏನೇನಿರುತ್ತೋ ಯಾರು ಕಂಡಿದಾರೆ?"

ಕೆಲವರು ನಕ್ಕರು. ಹಲವರು ಹೌದೆಂದು ತಲೆಯಾಡಿಸಿದರು, ಅದು ನಗುವುದಕ್ಕಿಂತ ಕೆಟ್ಟದಾಗಿತ್ತು. ಎಮರಿ ಎದ್ದು, "ನಮ್ಮ ಟ್ಯಾಂಕು ಯಾರು ಬೇಕಾದ್ರೂ ಬಂದು ನೋಡಬಹುದು," ಅಂದ. ಸಿಗ್ನೆ ಇನ್ನೂ ನಿಂತೇ ಇದ್ದಳು. ಬಾಯಿ ತೆರೆದಳು. ಲೊರೇನ್ ಅವಳ ತೋಳು ಹಿಡಿದು ಕೆಳಕ್ಕೆ ಎಳೆದಳು. ಅವಳು ಕೂತಳು. ಎಳೆತ ಅಷ್ಟೇನೂ ಬಲವಾಗಿರಲಿಲ್ಲ. ನಿಲ್ಲಬೇಕೆಂದಿದ್ದರೆ ನಿಲ್ಲಬಹುದಿತ್ತು.

ಬೀಗ ಹಾಕುವುದಕ್ಕೆ ಒಪ್ಪಿ ಕೈಗಳು ಎದ್ದವು. ರೂಬೆನ್‌ನ ಕೈ ಎಲ್ಲರಿಗಿಂತ ಕೊನೆಗೆ, ಭುಜದ ಮಟ್ಟಕ್ಕೆ ಎದ್ದಿತು. ಎಮರಿ ಟೋಪಿ ಹಾಕಿಕೊಂಡು ಮೇಜಿನ ಕೊನೆಗೆ ಹೋಗಿ ತನ್ನ ಪಾತ್ರೆ ಎತ್ತಿಕೊಂಡ. ಮುಚ್ಚಳ ತೆಗೆದವರೇ ಇರಲಿಲ್ಲ.

ಮರುದಿನ ರೂಬೆನ್ ಗೇಟಿಗೆ ಸರಪಳಿ ಹಾಕಿ ಬಂದು ತಿಂಡಿ ತಿನ್ನದೆ ಹುಲ್ಲು ಕತ್ತರಿಸುವ ಯಂತ್ರ ಬಿಚ್ಚಿಕೊಂಡು ಕೂತ. ಮಂಗಳವಾರವಾದರೂ ಅದರ ಭಾಗಗಳು ಶೆಡ್ಡಿನ ನೆಲದ ಮೇಲೆಯೇ ಇದ್ದವು. ಕಾಫಿಯ ಜೊತೆಗೆಂದು ಲೊರೇನ್ ಮಾಡಿದ ಸಿಹಿ ಬ್ರೆಡ್ಡು ಹಳಸಿತು. ಐಲಿ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು. ಏನನ್ನೂ ಮರೆಯುವ ಹೆಂಗಸಲ್ಲ ಅವಳು.

ಬುಧವಾರ ಸಂಜೆ ಆವಿಸ್ನಾನದ ಕೋಣೆಯಾದ ಸೌನಾದ ಬಿಸಿಯಲ್ಲಿ ಅಜ್ಜಿ ಮೊಮ್ಮಗಳು ಇಬ್ಬರೇ ಇದ್ದರು. ಐಲಿ ಕಾದ ಕಲ್ಲಿನ ಮೇಲೆ ನೀರು ಎರಚಿ, ಆವಿ ಇಳಿದ ಮೇಲೆ ಕೇಳಿದಳು.

"ಆವತ್ತು ಟಬ್ಬು ಯಾಕೆ ಕಿತ್ಕೊಂಡೆ?"

"ಗಾಳಿ ಇತ್ತಲ್ಲ ಅಜ್ಜಿ."

"ಗಾಳಿಗೆ ನಾನು ಹೆದರಿದ್ದು ಯಾವತ್ತು? ಗೋರ್ಡಿಯ ಹೆಂಡತಿ ಫೋನ್ ಮಾಡಿದ್ಲು. ಕೆರೇಲಿ ಸ್ಮೆಲ್ಟ್ ಇದೆ, ರಿಸರ್ವೇಶನ್‌ನೋರು ತಂದು ಹಾಕಿದಾರೆ ಅಂದ್ಲು. ಕೆರೇಲಿ ಸ್ಮೆಲ್ಟ್ ಇದೆ ಅಂತ ಈ ಮನೇಲಿ ನನಗೆ ಯಾರಾದ್ರೂ ಹೇಳಿದ್ರಾ?"

ಸಿಗ್ನೆ ಮೊಣಕಾಲಿನಲ್ಲಿ ಮುಖ ಇಟ್ಟುಕೊಂಡಳು.

"ನನ್ನ ಟಬ್ಬಿಂದಾನಾ?"

"ಇರಬಹುದು ಅಷ್ಟೇ ಅಜ್ಜಿ..."

"ನೆಟ್ಟಗೆ ಹೇಳೇ."

"ಹೌದು."

ಐಲಿ ಇನ್ನೊಂದು ಚೊಂಬು ನೀರು ಎತ್ತಿದವಳು ಹಾಕದೆ ಹಾಗೇ ಇಟ್ಟಳು. "ರೂಬೆನ್‌ಗೆ ಗೊತ್ತಾ?"

"ಗೊತ್ತು."

"ಲೊರೇನ್‌ಗೆ?"

"ಗೊತ್ತು."

"ಮನೇಲಿ ನಾಯಿ ಇದ್ದಿದ್ರೆ ಅದಕ್ಕೂ ಹೇಳಿರ್ತಿದ್ರಿ." ಅವಳು ಚೊಂಬನ್ನು ದೂರ ತಳ್ಳಿದಳು. "ನನ್ನ ಕೈಯಿಂದ ಆಗಿದ್ದನ್ನ ಇನ್ನೊಬ್ಬರ ತಲೆಗೆ ಕಟ್ಟಿ ನನ್ನನ್ನ ಕಾಪಾಡಿದ್ರಾ? ಯಾರು ಕೇಳಿದ್ರು ನಿಮ್ಮನ್ನ?"

ಗುರುವಾರ ಬೆಳಿಗ್ಗೆ ಐಲಿ ತಿಂಡಿಯ ಮೇಜಿನ ಬಳಿ ಕೂರಲಿಲ್ಲ. ರೂಬೆನ್‌ನ ಎದುರು ಅಂಗೈ ಚಾಚಿ ನಿಂತಳು.

"ಬೀಗದ ಕೈ ಕೊಡು."

"ಅಮ್ಮಾ, ಅದು ಸಂಘದ ತೀರ್ಮಾನ."

"ಜಾಗ ಸಂಘದ್ದಲ್ಲ. ನಾನು ಸಾಯೋವರೆಗೂ ನಂದು. ಆಮೇಲೆ ನಿನ್ನಿಷ್ಟ, ಗೇಟಿಗೆ ಹತ್ತು ಬೀಗ ಹಾಕ್ಕೊ."

"ಗೋರ್ಡಿ ಕಡೆಯೋರು ಈ ಬೇಸಿಗೇಲಿ ನಮ್ಮಲ್ಲಿಗೆ ಒಬ್ಬ ಗಿರಾಕೀನೂ ಕಳಿಸಲ್ಲಮ್ಮ."

"ಬೇಡ. ಆಲೂಗಡ್ಡೆ ತಿನ್ನೋಣ. ನಾವು ತಿನ್ನದೇ ಇರೋದೇನಲ್ಲ."

ರೂಬೆನ್ ಜೇಬಿನಿಂದ ಕೀಲಿ ತೆಗೆದ. ತಾಯಿಯ ಕೈಗೆ ಕೊಡಲಿಲ್ಲ. ತಾನೇ ಎದ್ದು ಹೋದ. ಸಿಗ್ನೆ ಪ್ರೊಫೆಸರ್‌ಗೆ ಫೋನ್ ಮಾಡಿ ಬ್ಯಾಸ್ ಬೇಡ ಎಂದಳು. ಆಮೇಲೆ ಎಮರಿಗೆ ಮಾಡಿ ಗೇಟು ತೆರೆದಿದೆ ಎಂದಳು. ಬೇರೆ ಏನನ್ನೂ ಫೋನಿನಲ್ಲಿ ಹೇಳಲಾಗಲಿಲ್ಲ. ಅಜ್ಜಿ ಪಕ್ಕದಲ್ಲೇ ನಿಂತು ಕೇಳುತ್ತಿದ್ದಳು. "ನೀನು ಹೇಳ್ತೀಯೋ, ನಾನು ಹೇಳ್ಲೋ?"

"ಎದುರಿಗೆ ಹೇಳ್ತೀನಿ ಅಜ್ಜಿ. ನಾನೇ."

ಟ್ರಕ್ಕು ಮರುವಾರ ಬಂತು. ಎಮರಿ ಒಬ್ಬನೇ ಇದ್ದ. ಹಿಂದಕ್ಕೆ ನಡೆಸಿ ಇಳಿಜಾರಿನಲ್ಲಿ ನಿಲ್ಲಿಸಿ, ಟ್ಯಾಂಕಿನ ನೀರಿನ ಬಿಸುಪನ್ನು ಅಳೆದು, ಸ್ವಲ್ಪ ಸ್ವಲ್ಪವೇ ಕೆರೆಯ ನೀರನ್ನು ಅದಕ್ಕೆ ಬೆರೆಸತೊಡಗಿದ. ಅವಸರ ಮಾಡಿದರೆ ಮರಿಗಳು ಆಘಾತಕ್ಕೇ ಸಾಯುತ್ತವೆ. ರೂಬೆನ್ ಕಾಫಿ ತಂದುಕೊಟ್ಟ. ಎಮರಿ ಕೈಗವಸು ತೆಗೆದು ಅವನ ಕೈ ಕುಲುಕಿದ.

"ಸಂಘದೋರನ್ನ ಎದುರು ಹಾಕ್ಕೊಂಡು ಬೀಗ ತೆಗೆದಿದೀರಿ. ಸಣ್ಣ ಮಾತಲ್ಲ. ನಮ್ಮೋರಿಗೂ ಹೇಳಿದೀನಿ."

ರೂಬೆನ್ ಏನೋ ಗೊಣಗಿ ತಲೆಯಾಡಿಸಿದ. ಆ ಕೃತಜ್ಞತೆಯನ್ನು ಅವನು ತಗೊಂಡದ್ದನ್ನು ಸಿಗ್ನೆ ನೋಡಿದಳು. ತಗೊಂಡು ಎಲ್ಲಿಡಬೇಕೆಂದು ತಿಳಿಯದೆ ಅವನು ನೀರಿನ ಕಡೆ ತಿರುಗಿದ್ದನ್ನೂ ನೋಡಿದಳು.

"ಎಮರಿ," ಅಂದಳು. "ಆ ಸ್ಮೆಲ್ಟ್ ಬಂದಿದ್ದು ಈ ಕಟ್ಟೆಯಿಂದ. ನಾವು ದೊಡ್ಡ ಸರೋವರದಿಂದ ತಂದು ಇಲ್ಲೇ ತೊಳೀತಿದ್ವಿ. ಟಬ್ಬು ಚೆಲ್ತಿದ್ದಿದ್ದು ನಾನು."

ಎಮರಿ ಬಕೆಟ್ಟಿನಲ್ಲಿದ್ದ ನೀರನ್ನು ಟ್ಯಾಂಕಿಗೆ ಪೂರ್ತಿ ಹಾಕಿ ಮುಗಿಸಿದ. "ಯಾವಾಗ ಗೊತ್ತಾಯ್ತು?"

"ಸಭೆಗೆ ಒಂದು ವಾರ ಮುಂಚೆ."

"ನಿಮಗೆ?" ಅವನು ರೂಬೆನ್‌ನನ್ನು ಕೇಳಿದ.

"ನನಗೂ," ಅಂದ ರೂಬೆನ್.

ಎಮರಿ ಕಾಫಿಯ ಲೋಟವನ್ನು ಟ್ರಕ್ಕಿನ ಬಂಪರ್ ಮೇಲಿಟ್ಟ. "ಹೋಸ್ ಹಿಡ್ಕೊ," ಎಂದು ಸಿಗ್ನೆಗೆ ಹೇಳಿದ. ಕವಾಟ ತಿರುಗಿಸಿದ. ನೀರು ಇಳಿಯಿತು, ಅದರೊಳಗೆ ಕಣ್ಣಿಗೆ ಕಾಣಲಾರದಷ್ಟು ತೆಳ್ಳಗೆ ಮರಿಗಳು ಇಳಿದವು. ಟ್ಯಾಂಕು ಖಾಲಿಯಾಯಿತು.

"ಮೀನು ತೊಳೆದಿದ್ದಕ್ಕೆ ನಾನೇನೂ ಅನ್ನಲ್ಲ," ಅಂದ ಎಮರಿ, ಹೋಸ್ ಸುತ್ತುತ್ತ. "ಗೊತ್ತಿರ್ಲಿಲ್ಲ, ತೊಳೆದ್ರಿ. ಸಭೇಲಿ ಗೊತ್ತಿತ್ತು. ನಾನು ಅಲ್ಲೇ ಕೂತಿದ್ದೆ. ಈ ವಾರ ನನ್ನ ಮಗಳು ಶಾಲೆಯಿಂದ ಬಂದು, ಅಪ್ಪಾ, ನಿನ್ನ ಟ್ರಕ್ಕಲ್ಲಿ ಏನು ತಗೊಂಡು ಹೋಗ್ತೀಯಾ ಅಂತ ಕೇಳಿದ್ಲು."

ಸಿಗ್ನೆ ಅಳಲಿಲ್ಲ. ಅತ್ತರೆ ಅವನು ಸಮಾಧಾನ ಹೇಳಬೇಕಾಗುತ್ತದೆ ಎಂದು ಅವಳಿಗೆ ಅನ್ನಿಸಿತು.

"ಜೂನ್ ಮೊದಲನೇ ಶನಿವಾರ ಮತ್ತೆ ಸಭೆ ಇದೆ," ಅಂದ ರೂಬೆನ್. "ನೀನು ಬಾ. ನಿನ್ನೆದುರಿಗೇ ಎಲ್ಲರಿಗೂ ಹೇಳ್ತೀನಿ."

"ಹೇಳಿ. ಹೇಳಲೇಬೇಕು. ಅದಕ್ಕೆ ನಾನು ಯಾಕೆ ಬರ್ಲಿ? ಹೋದ ಸಲ ಬಂದಿದ್ನಲ್ಲ." ಎಮರಿ ಹೋಸನ್ನು ಟ್ರಕ್ಕಿಗೆ ಎಸೆದ. "ಬುಧವಾರ ನಮ್ಮ ಹಾಲ್‌ನಲ್ಲಿ ಊಟ ಇರುತ್ತೆ. ನಮ್ಮೋರೆಲ್ಲ ಬರ್ತಾರೆ, ಮಕ್ಕಳೂ ಬರ್ತಾರೆ. ಮೊದಲು ಅಲ್ಲಿಗೆ ಬಂದು ಹೇಳಿ."

ರೂಬೆನ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ರಿಸರ್ವೇಶನ್ ಹಾಲ್‌ನೊಳಕ್ಕೆ ಅವನು ಹುಟ್ಟಿದಾಗಿನಿಂದ ಕಾಲಿಟ್ಟಿರಲಿಲ್ಲ. ಇದ್ದದ್ದು ಎರಡು ಮೈಲಿ ದೂರ.

"ಎಷ್ಟು ಹೊತ್ತಿಗೆ?"

"ಐದಕ್ಕೆ."

"ನಮ್ಮಮ್ಮನೂ ಬರ್ತೀನಿ ಅಂತಾಳೆ."

"ಬರ್ಲಿ. ಕುರ್ಚಿ ಇದೆ."

"ಮನೆಯಿಂದ ಏನಾದ್ರೂ ಮಾಡ್ಕೊಂಡು ಬರ್ಲಾ?" ಊಟಕ್ಕೆ ಕರೆದವರನ್ನು ಕೇಳುವ ಮಾತು, ಅಭ್ಯಾಸದಿಂದ ಬಂದುಬಿಟ್ಟಿತು.

ಎಮರಿ ಟ್ರಕ್ಕು ಹತ್ತಿ ಬಾಗಿಲು ಎಳೆದುಕೊಂಡ. "ಮೀನೊಂದು ಬಿಟ್ಟು," ಅಂದ.

ನಗಬೇಕೋ ಬೇಡವೋ ರೂಬೆನ್‌ಗೆ ತಿಳಿಯಲಿಲ್ಲ. ಎಮರಿಯ ಮುಖ ಅದನ್ನು ಹೇಳಲಿಲ್ಲ.